ರೊಟ್ಟಿ ಬಡಿಯುವ ಸದ್ದು ಕೇಳಿ ಒಳಗೆ ಹೋಗಿ

ಕೆಲಸದ ಮೇಲೆ ಪೀಣ್ಯಕ್ಕೆ ಬಂದು ಟಿ. ದಾಸರಹಳ್ಳಿಯ ಲಾಡ್ಜ್‌ಗಳಲ್ಲಿ ಇಳಿದುಕೊಳ್ಳುವವರು ಹಸಿವಾದಾಗ ಲಾಡ್ಜಿನ ರೆಸ್ಟೋರೆಂಟಿಗೆ ಹೋಗುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ನಕ್ಷತ್ರ ಎಣಿಸುತ್ತಾರೆ. ಎರಡೂ ದಾರಿ ಬಹುಪಾಲು ಗೋಬಿ ಮಂಚೂರಿಗೇ ತಲುಪುತ್ತವೆ. ಈ ಭಾಗದ ನಿಜವಾದ ಊಟದ ಮನೆ ಒಳರಸ್ತೆಗಳ ಜೋಳದ ರೊಟ್ಟಿ ಖಾನಾವಳಿ. ಅದು ಇಲ್ಲಿ ಬೇರೂರಿದ್ದಕ್ಕೆ ಕಾರಣವಿದೆ. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಹೆಚ್ಚಿನವು ಲೇತು, ಪ್ರೆಸ್ಸು, ಪೌಡರ್ ಕೋಟಿಂಗಿನ ಸಣ್ಣ ಘಟಕಗಳು. 1948ರ ಕಾರ್ಖಾನೆಗಳ ಕಾಯ್ದೆ ಕ್ಯಾಂಟೀನನ್ನು ಕಡ್ಡಾಯ ಮಾಡಿದ್ದು 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ. ಹತ್ತಿಪ್ಪತ್ತು ಜನ ದುಡಿಯುವ ಶೆಡ್ಡಿನವರು ಹೊರಗೇ ಉಣ್ಣಬೇಕು. ಅವರಲ್ಲಿ ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆ ಕಡೆಯವರು ಬಹಳ. ಉತ್ತರ ಕರ್ನಾಟಕದ ಬಸ್ಸುಗಳಿಗೆಂದೇ ಪೀಣ್ಯದಲ್ಲಿ ಬಸವೇಶ್ವರ ನಿಲ್ದಾಣ ಕಟ್ಟಿದರು. ಬಸ್ಸುಗಳು ಅಲ್ಲಿ ನೆಲೆ ನಿಲ್ಲಲಿಲ್ಲ, ಜನರ ರೊಟ್ಟಿ ಮಾತ್ರ ನಿಂತಿತು.

ಖಾನಾವಳಿಯನ್ನು ನಂಬಬಹುದು ಎನ್ನುವುದಕ್ಕೆ ಅದರ ಲೆಕ್ಕದ ಪುಸ್ತಕವೇ ಆಧಾರ. ಮೊಬೈಲಿನಲ್ಲಿ ನಕ್ಷತ್ರ ಕೊಡುವವನು ಒಮ್ಮೆ ಉಂಡು ಹೋಗುವವನು. ತಿಂಗಳ ಲೆಕ್ಕದ ಗಿರಾಕಿ ನಾಳೆಯೂ ಬರುವವನು. ಎಣ್ಣೆಗಾಯಿ ಹಳಸಿದ್ದರೆ, ಸಾರು ನೀರಾಗಿದ್ದರೆ ಮುಂದಿನ ತಿಂಗಳು ಅವನು ಪಕ್ಕದ ಬೀದಿಗೆ ಹೋಗುತ್ತಾನೆ, ಜೊತೆಗೆ ರೂಮಿನವರನ್ನೂ ಕರೆದೊಯ್ಯುತ್ತಾನೆ. ಎರಡನೆಯ ಆಧಾರ ಜೋಳದ ಗುಣ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಲ್ಲಿ ನಾದಿ, ಕೈಯಿಂದ ಬಡಿದು, ಆಗಿಂದಾಗ್ಗೆ ಸುಡಬೇಕು. ಬಡಿದಿಟ್ಟರೆ ಸ್ವಲ್ಪ ಹೊತ್ತಿಗೇ ಬಿರುಸಾಗುತ್ತದೆ. ಹಾಗಾಗಿ ಒಳಗಿಂದ ಬಡಿಯುವ ಸದ್ದು ಬರುತ್ತಿದ್ದರೆ ತಟ್ಟೆಗೆ ಬೀಳುವುದು ಬಿಸಿ ರೊಟ್ಟಿಯೇ. ಸದ್ದಿಲ್ಲದಿದ್ದರೆ ಕಡಕ್ ರೊಟ್ಟಿ ಕೇಳಿ. ಅದು ಒಣಗಿಸಿಡುವುದಕ್ಕೆಂದೇ ಮಾಡಿದ್ದು, ಅದರಲ್ಲಿ ಮೋಸವಿಲ್ಲ. ಜೊತೆಗೆ ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಈರುಳ್ಳಿ, ಅದೃಷ್ಟವಿದ್ದರೆ ಝುಣಕ.

ಅಗ್ಗ ಎಂಬ ಕಾರಣಕ್ಕೇ ಜನ ಸೇರುತ್ತಾರೆ, ರುಚಿಗಲ್ಲ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆದರೆ ಬರೀ ಅಗ್ಗವೇ ಸಾಕಾಗುವುದಾದರೆ, 2017ರಲ್ಲಿ 10 ರೂಪಾಯಿಗೆ ಊಟ ಕೊಡುತ್ತ ಬಂದ ಇಂದಿರಾ ಕ್ಯಾಂಟೀನಿನ ಮುಂದೆ ಖಾನಾವಳಿಗಳು ಬಾಗಿಲು ಹಾಕಬೇಕಿತ್ತು. ಶುಚಿತ್ವದ ಪ್ರಶ್ನೆ ಇನ್ನೂ ಗಟ್ಟಿಯಾದದ್ದು, ಅದಕ್ಕೆ ಗಿರಾಕಿಗಳ ನಿಷ್ಠೆ ಉತ್ತರವಲ್ಲ. ಗೋಡೆಯ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇದೆಯೇ, ತಟ್ಟೆ ತೊಳೆಯುವುದು ಹರಿಯುವ ನೀರಲ್ಲೋ ಒಂದೇ ಬಕೆಟ್ಟಿನಲ್ಲೋ ಎಂದು ನೋಡಿ. ಬಕೆಟ್ಟಾದರೆ ಹೊರಟುಬಿಡಿ, ರೊಟ್ಟಿ ಎಷ್ಟೇ ಚೆನ್ನಾಗಿರಲಿ. ಕುಡಿಯುವ ನೀರು ಕೈಯಲ್ಲಿರಲಿ.

ಇದು ಸ್ಥಳೀಯ ಊಟವೇ ಅಲ್ಲ, ಈ ಮಣ್ಣಿನದು ರಾಗಿ ಮುದ್ದೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಮುದ್ದೆ, ನಾಟಿ ಕೋಳಿ ಸಾರಿನ ಮಿಲಿಟರಿ ಹೋಟೆಲುಗಳು ತುಮಕೂರು ರಸ್ತೆಯ ಆಸುಪಾಸಿನಲ್ಲಿವೆ, ಮಾಂಸ ತಿನ್ನುವವರು ಬಿಡಬಾರದು. ಆದರೆ ದಾಸರಹಳ್ಳಿ ಹಳ್ಳಿಯಾಗಿದ್ದ ಕಾಲ ಮುಗಿದಿದೆ. 2007ರಲ್ಲಿ ಅದರ ನಗರಸಭೆಯೇ ಬಿಬಿಎಂಪಿಯಲ್ಲಿ ಸೇರಿಹೋಯಿತು. ಈಗ ಇಲ್ಲಿ ದುಡಿದು ಬಾಡಿಗೆ ಕಟ್ಟುವವರು ಏನು ಉಣ್ಣುತ್ತಾರೋ ಅದೂ ಇಲ್ಲಿಯದೇ. ಒಂದು ಗಂಟೆಗೆ ಊಟದ ಬಿಡುವಿನ ನೂಕುನುಗ್ಗಲು. ಹೊಸಬರು ಅದಕ್ಕೂ ಅರ್ಧ ಗಂಟೆ ಮುಂಚೆ ಹೋದರೆ ಕೂರಲು ಜಾಗ, ಎರಡನೆಯ ಬಿಸಿ ರೊಟ್ಟಿ ಎರಡೂ ಸಿಗುತ್ತವೆ.