ಕೇಬಲ್ಲನ್ನು ತಟ್ಟಿ ನೋಡುವವರು

ರಸ್ತೆ ಬದಿಯ ಗುಂಡಿಯೊಂದರಲ್ಲಿ 66 ಕಿಲೋವೋಲ್ಟ್ ಕೇಬಲ್‌ಗೆ ಜಾಯಿಂಟ್ ಹಾಕುವುದನ್ನು ಒಂದು ಮಧ್ಯಾಹ್ನ ಕೂತು ನೋಡಿದ್ದೆ. ಮೇಲೆ ಟಾರ್ಪಾಲಿನ ಚಪ್ಪರ, ಒಳಗೆ ಮಂಡಿಯೂರಿ ಕೂತ ಜಾಯಿಂಟರ್, ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತ ಹುಡುಗ. ಕೇಬಲ್‌ನ ಕಪ್ಪು ಪದರವನ್ನು ಆ ಹಿರಿಯರು ಚಾಕುವಿನಿಂದ ಕೀಳಲಿಲ್ಲ. ಗಾಜಿನ ಚೂರಿನ ಅಂಚಿನಿಂದ ಮೆಲ್ಲಗೆ ಹೆರೆಯುತ್ತಾ ಹೋದರು. ಕಪ್ಪು ಸುರುಳಿಗಳು ಉದುರಿದಂತೆಲ್ಲ ಕೆಳಗಿನ ಹಾಲುಬಣ್ಣದ ಪ್ಲಾಸ್ಟಿಕ್ ಹೊರಬಂತು. ಅದನ್ನು ಉಪ್ಪುಕಾಗದದಿಂದ ನುಣ್ಣಗೆ ಉಜ್ಜಿ, ಸಾಲ್ವೆಂಟ್ ಹಚ್ಚಿದ ಬಟ್ಟೆಯಿಂದ ಒರೆಸಿದರು. ಒರೆಸುವುದೂ ಒಂದೇ ದಿಕ್ಕಿಗೆ, ಬಿಳಿಯಿಂದ ಕಪ್ಪಿನ ಕಡೆಗೆ. ತಿರುಗಿಸಿ ಒರೆಸಿದರೆ ಕಪ್ಪು ಪುಡಿ ಬಿಳಿಗೆ ಹತ್ತಿಕೊಳ್ಳುತ್ತದೆ. ಹುಡುಗ ಅವಸರ ಮಾಡಿದಾಗ ಅವರು ತಲೆ ಎತ್ತದೆಯೇ ಅಂದರು: "ಒಂದು ಗೆರೆ ಬಿದ್ರೂ ಹೋಯ್ತು ಕಣೋ."

ಒಂದು ಗೆರೆಗೆ ಅಷ್ಟು ಅಂಜಿಕೆ ಏಕೆ? ಆ ಗೆರೆಯ ಮೇಲೆ ಜಾಯಿಂಟಿನ ರಬ್ಬರ್ ತೋಳು ಬಿಗಿಯಾಗಿ ಕೂತಾಗ ಗೆರೆಯೊಳಗಿನ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಮನುಷ್ಯರಿಗೆ ಉಸಿರಾದ ಗಾಳಿ ಕೇಬಲ್‌ನ ಪಾಲಿಗೆ ರೋಗ.

ಆ ಹಾಲುಬಣ್ಣದ ವಸ್ತುವಿನ ಹೆಸರು ಎಕ್ಸ್‌ಎಲ್‌ಪಿಇ. ತರಕಾರಿ ಕವರಿನ ಪಾಲಿಥೀನ್ ಇದೆಯಲ್ಲ, ಅದರ ಉದ್ದುದ್ದ ಅಣುಗಳನ್ನು ಅಡ್ಡಡ್ಡ ಹೆಣೆದು ಬಿಗಿ ಮಾಡಿದ ರೂಪ ಇದು. 66 ಕಿಲೋವೋಲ್ಟ್ ಕೇಬಲ್‌ನ ನಡುವಿನ ಲೋಹದಿಂದ ನೆಲಕ್ಕೆ ಇರುವ ಒತ್ತಡ 38 ಕಿಲೋವೋಲ್ಟ್. ಅದನ್ನು ತಡೆದು ನಿಂತಿರುವುದು ಸುಮಾರು ಒಂದು ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಡೆ. ಅಂದರೆ ಪ್ರತಿ ಮಿಲಿಮೀಟರೂ ಹತ್ತಿರಹತ್ತಿರ 4 ಕಿಲೋವೋಲ್ಟ್ ಹೊರುತ್ತದೆ. ಒಳ್ಳೆಯ ಪ್ಲಾಸ್ಟಿಕ್‌ಗೆ ಇದು ಹೊರೆಯೇ ಅಲ್ಲ. ಆದರೆ ನಮ್ಮ ಸುತ್ತಲಿನ ಗಾಳಿ ಮಿಲಿಮೀಟರಿಗೆ 3 ಕಿಲೋವೋಲ್ಟ್‌ನ ಆಸುಪಾಸಿನಲ್ಲೇ ಸೋತುಹೋಗುತ್ತದೆ. ಸಾಲದ್ದಕ್ಕೆ, ಪ್ಲಾಸ್ಟಿಕ್‌ನೊಳಗೆ ಸಿಕ್ಕಿಕೊಂಡ ಗಾಳಿಯ ಮೇಲೆ ಒತ್ತಡ ಇನ್ನೂ ಹೆಚ್ಚು. ಪ್ಲಾಸ್ಟಿಕ್‌ನ ಅಣುಗಳು ವಿದ್ಯುತ್ ಕ್ಷೇತ್ರಕ್ಕೆ ಒಂದಿಷ್ಟು ಮಣಿದು ಅದನ್ನು ತಗ್ಗಿಸುತ್ತವೆ, ಗಾಳಿಗೆ ಹಾಗೆ ಮಣಿಯುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಕ್ಷೇತ್ರಕ್ಕೆ ಅಡ್ಡಲಾಗಿ ಚಪ್ಪಟೆಯಾದ ಬಿರುಕಿದ್ದರೆ ಅದರೊಳಗಿನ ಕ್ಷೇತ್ರ ಸುತ್ತಲಿನದಕ್ಕಿಂತ 2.3 ಪಟ್ಟು ಏರುತ್ತದೆ. ಹೀಗೆ ಬಲಹೀನನ ತಲೆಯ ಮೇಲೇ ಹೆಚ್ಚು ಹೊರೆ.

ತೀರಾ ಸಣ್ಣ ಗುಳ್ಳೆಗಳು ಮಾತ್ರ ನಿರುಪದ್ರವಿ. ಗಾಳಿಯಲ್ಲಿ ಕಿಡಿ ಹುಟ್ಟಬೇಕಾದರೆ ಒಂದು ಎಲೆಕ್ಟ್ರಾನ್ ಓಡಿ, ವೇಗ ಪಡೆದು, ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆದು ಮತ್ತೊಂದು ಎಲೆಕ್ಟ್ರಾನನ್ನು ಎಬ್ಬಿಸಬೇಕು, ಆ ಎರಡು ನಾಲ್ಕಾಗಬೇಕು. ಓಡಲು ಅಂಗಳವೇ ಇಲ್ಲದಿದ್ದರೆ ಅದು ಆಗದು. ಅಂತರಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಜರ್ಮನಿಯ ಫ್ರೆಡ್ರಿಕ್ ಪಾಶೆನ್ 1889ರಲ್ಲೇ ಅಳೆದಿದ್ದರು.

ಅಂಗಳ ಸಾಕಷ್ಟಿದ್ದರೆ ಗುಳ್ಳೆಯೊಳಗೆ ಕಿಡಿ ಹಾರುತ್ತದೆ. ಆದರೆ ಗುಳ್ಳೆಯ ಆಚೀಚೆ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುವುದರಿಂದ ಅದು ಕೇಬಲ್ಲನ್ನು ದಾಟುವ ಕಿಡಿಯಲ್ಲ, ಅರ್ಧಕ್ಕೇ ನಿಂತ ಕಿಡಿ. ಎಂಜಿನಿಯರುಗಳ ಬಾಯಲ್ಲಿ ಇದು ಪಾರ್ಷಿಯಲ್ ಡಿಸ್ಚಾರ್ಜ್, ಚಿಕ್ಕದಾಗಿ ಪಿಡಿ. ನನಗೆ ಅರೆಕಿಡಿ ಎನ್ನುವುದು ಇಷ್ಟ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಹೊಯ್ದಾಡುತ್ತದೆ. ಮೇಲೊಂದು ಕೆಳಗೊಂದು ಅರೆಕಿಡಿ ಎಂದು ಲೆಕ್ಕ ಹಿಡಿದರೂ ದಿನಕ್ಕೆ 86 ಲಕ್ಷ. ಪ್ರತಿಯೊಂದೂ ಗುಳ್ಳೆಯ ಗೋಡೆಯನ್ನು ಒಂದಿಷ್ಟು ಕೊರೆಯುತ್ತದೆ, ಓಝೋನ್ ಹುಟ್ಟಿಸುತ್ತದೆ, ಪ್ಲಾಸ್ಟಿಕ್ಕನ್ನು ಮೆಲ್ಲಗೆ ತಿನ್ನುತ್ತದೆ. ಕೊರೆದ ಕಡೆಯಿಂದ ಕೂದಲಿಗಿಂತ ಸಣ್ಣ ಸುರಂಗವೊಂದು ಹೊರಟು ಕವಲೊಡೆಯುತ್ತದೆ, ಕವಲು ಮತ್ತೆ ಕವಲಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲೆ ಉದುರಿದ ಮರ. ಅದನ್ನು ವಿದ್ಯುತ್ ಮರ ಎಂದೇ ಕರೆಯುತ್ತಾರೆ. ಗಟಿಂಗೆನ್‌ನ ಪ್ರೊಫೆಸರ್ ಲಿಕ್ಟೆನ್‌ಬರ್ಗ್ 1777ರಲ್ಲಿ ರಾಳದ ತಟ್ಟೆಯ ಮೇಲೆ ಕೂತ ಧೂಳಿನಲ್ಲಿ ನಕ್ಷತ್ರ, ಕವಲುಗಳ ಚಿತ್ತಾರ ಕಂಡು ಬೆರಗಾದರಲ್ಲ, ಅದರ ದಾಯಾದಿಯೇ ಇದು. ಮರದ ತುದಿ ಆಚೆ ಗೋಡೆ ಮುಟ್ಟಿದ ದಿನ ಢಂ ಎನ್ನುತ್ತದೆ, ಊರಿನ ಒಂದು ಭಾಗ ಕತ್ತಲಾಗುತ್ತದೆ. ಮರುದಿನ ನಾವು "ಕೇಬಲ್ ಇದ್ದಕ್ಕಿದ್ದಂತೆ ಹೋಯಿತಂತೆ" ಎನ್ನುತ್ತೇವೆ. ಇದ್ದಕ್ಕಿದ್ದಂತೆ ಏನೂ ಹೋಗಿರುವುದಿಲ್ಲ. ಅದು ತಿಂಗಳುಗಟ್ಟಲೆ ಪಿಸುಗುಟ್ಟುತ್ತಲೇ ಇತ್ತು.

ಆ ಪಿಸುಮಾತು ಎಷ್ಟು ಸಣ್ಣದು ಎಂದರೆ ಅದನ್ನು ಅಳೆಯುವುದು ಪಿಕೊಕೂಲಂಬ್‌ನಲ್ಲಿ. ಒಂದು ಪಿಕೊಕೂಲಂಬ್ ಅಂದರೆ ಸುಮಾರು 62 ಲಕ್ಷ ಎಲೆಕ್ಟ್ರಾನ್. ಕೇಳಲು ದೊಡ್ಡದು, ನಿಜದಲ್ಲಿ ಏನೂ ಅಲ್ಲ. 1 ಆಂಪಿಯರ್ ಹರಿಸುವ ಮೊಬೈಲ್ ಚಾರ್ಜರಿನ ತಂತಿಯಲ್ಲಿ 10 ಪಿಕೊಕೂಲಂಬ್ ದಾಟಿಹೋಗುವಷ್ಟರಲ್ಲಿ ಬೆಳಕು ಮುಂದೆ ಹೋಗಿರುವುದು 3 ಮಿಲಿಮೀಟರ್. ದೊಡ್ಡ ಕೇಬಲ್‌ಗಳನ್ನು ಕಾರ್ಖಾನೆಯಲ್ಲಿ ಪರೀಕ್ಷಿಸುವಾಗ ಅಳತೆ 10 ಪಿಕೊಕೂಲಂಬ್‌ನಷ್ಟಾದರೂ ಸೂಕ್ಷ್ಮವಾಗಿರಬೇಕು, ಅಷ್ಟರಲ್ಲಿ ಒಂದು ಅರೆಕಿಡಿಯೂ ಕಾಣಬಾರದು ಎಂಬುದು ನಿಯಮ. ಅದೂ ಬಳಕೆಯ ಒತ್ತಡದ ಒಂದೂವರೆ ಪಟ್ಟು ಕೊಟ್ಟು ನೋಡಿದಾಗ.

ಅಳೆಯುವ ಉಪಾಯ ಮಾತ್ರ ಸರಳ. ಕೇಬಲ್‌ನ ಪಕ್ಕದಲ್ಲಿ ದೋಷವೇ ಇಲ್ಲದ ಒಂದು ಕೆಪಾಸಿಟರ್ ನಿಲ್ಲಿಸುತ್ತಾರೆ. ಗುಳ್ಳೆಯಲ್ಲಿ ಕಿಡಿ ಹಾರಿದಾಗ ಕೇಬಲ್‌ನ ವೋಲ್ಟೇಜು ಕೂದಲೆಳೆಯಷ್ಟು ಕುಸಿಯುತ್ತದೆ. ಪಕ್ಕದ ಕೆಪಾಸಿಟರು ತಕ್ಷಣ ತನ್ನ ಚಾರ್ಜಿನಿಂದ ಆ ಕೊರತೆ ತುಂಬುತ್ತದೆ, ಒಂದು ತೊಟ್ಟಿಯ ನೀರು ಇಳಿದರೆ ಜೋಡಿಸಿದ ಇನ್ನೊಂದು ತೊಟ್ಟಿಯಿಂದ ಹರಿದು ಬರುವಂತೆ. ಆ ಹರಿವನ್ನು ದಾರಿಯಲ್ಲಿ ಹಿಡಿದು ಅಳೆಯುತ್ತಾರೆ. ಗುಳ್ಳೆಯೊಳಗೆ ನಿಜಕ್ಕೂ ಎಷ್ಟು ಚಾರ್ಜು ಹಾರಿತು ಎಂಬುದು ಹೊರಗಿನವರಿಗೆ ಎಂದೂ ತಿಳಿಯದು, ಹೊರಗೆ ಕಂಡ ಪರಿಣಾಮ ಮಾತ್ರ ಗೊತ್ತು. ಆದ್ದರಿಂದ ಪರೀಕ್ಷೆಗೆ ಮೊದಲು ಅಂಗೈಯಗಲದ, ಬ್ಯಾಟರಿಯ ಪೆಟ್ಟಿಗೆಯೊಂದನ್ನು ಕೇಬಲ್‌ನ ತುದಿಗೆ ಸಿಕ್ಕಿಸಿ ಗೊತ್ತಿರುವ ಚಾರ್ಜನ್ನು ಕೊಡುತ್ತಾರೆ. ಪರದೆಯ ಮೇಲೆ ಅದು ಎಷ್ಟೆತ್ತರ ಎದ್ದಿತೋ ಅದೇ ಅಳತೆಗೋಲು. ಇಷ್ಟಾದ ಮೇಲೂ ರೇಡಿಯೊ, ವೆಲ್ಡಿಂಗ್, ಪಕ್ಕದ ರಸ್ತೆಯ ಮೋಟಾರು ಎಲ್ಲದರ ಗಲಾಟೆ ಸೇರಿಕೊಳ್ಳುತ್ತದೆ. ಅದಕ್ಕೇ ಈ ಪರೀಕ್ಷಾಕೋಣೆಗಳಿಗೆ ಲೋಹದ ಗೋಡೆ, ಲೋಹದ ಬಾಗಿಲು.

ನನಗೆ ಈ ವಿದ್ಯೆಯಲ್ಲಿ ಅತ್ಯಂತ ಚೆಂದ ಕಾಣುವುದು ಅಳತೆಯಲ್ಲ, ಓದು. ಪ್ರತಿ ಅರೆಕಿಡಿಯನ್ನೂ 20 ಮಿಲಿಸೆಕೆಂಡಿನ ಅಲೆಯ ಯಾವ ಜಾಗದಲ್ಲಿ ಹಾರಿತು ಎಂಬುದರ ಪ್ರಕಾರ ಚುಕ್ಕಿಯಾಗಿ ಇಡುತ್ತಾ ಹೋದರೆ ಕೆಲವೇ ನಿಮಿಷದಲ್ಲಿ ರಂಗೋಲಿಯಂತೆ ಒಂದು ಆಕಾರ ಮೂಡುತ್ತದೆ. ಒಡಲೊಳಗಿನ ಗುಳ್ಳೆಯಾದರೆ ಅಲೆ ಏರುವ ಹೊತ್ತಿಗೆ ಚುಕ್ಕಿಗಳ ಗುಂಪು, ಇಳಿದು ಕೆಳಕ್ಕೆ ಬೆಳೆಯುವಾಗ ಅಂಥದೇ ಇನ್ನೊಂದು. ಕೆಲವೊಮ್ಮೆ ಅದು ಮೊಲದ ಕಿವಿಯ ಹಾಗೆ ಬಾಗಿ ನಿಲ್ಲುತ್ತದೆ. ಹೊರಗೆಲ್ಲೋ ಹೈವೋಲ್ಟೇಜ್ ತುದಿಯಲ್ಲಿ ಚೂಪಾದ ತಂತಿಯೊಂದು ಗಾಳಿಗೆ ಚಾಚಿದ್ದರೆ ಚುಕ್ಕಿಗಳೆಲ್ಲ ಮೊದಲು ಋಣ ಅಲೆಯ ತುದಿಯಲ್ಲಿ ಮಾತ್ರ ಗುಂಪುಗೂಡುತ್ತವೆ. ಅನುಭವಿಗಳು ದೂರದಿಂದ ಪರದೆ ನೋಡಿಯೇ "ಇದು ಕೇಬಲ್ ಅಲ್ಲ, ಹೊರಗಿನ ಕರೋನ, ಆ ತುದಿಗೆ ಗುಂಡು ಹಾಕಿ" ಎನ್ನುತ್ತಾರೆ. ನಾಡಿ ಹಿಡಿದು ರೋಗ ಹೇಳುವವರ ಮೇಲೆ ನಮಗಿರುವ ಗೌರವ ಇವರ ಮೇಲೂ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ, 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲೂ ಇಂಥ ಓದು ಕಲಿತ ತಲೆಮಾರುಗಳೇ ಇವೆ.

ಆದರೆ ಇಷ್ಟೆಲ್ಲ ಓದು ನಡೆಯುವುದು ಅಲೆ ಇದ್ದರೆ. ಏಕಮುಖ ವಿದ್ಯುತ್ತಿನಲ್ಲಿ, ಅಂದರೆ ಡಿಸಿಯಲ್ಲಿ, ಅಲೆಯೇ ಇಲ್ಲ. ಅಲ್ಲಿ ಅರೆಕಿಡಿಗಳೂ ಅಪರೂಪ. ಬದಲಿಗೆ ಬೇರೆಯೇ ಒಂದು ಗುಟ್ಟು ಅಡಗಿರುತ್ತದೆ.

ಕೇಬಲ್‌ಗೆ ಡಿಸಿ ಪರೀಕ್ಷೆ ಮಾಡಿದವರಿಗೆ ಅದರ ಪರಿಚಯ ಮೈಯ ಭಯದಿಂದಲೇ ಆಗಿರುತ್ತದೆ. ಸಪ್ಲೈ ಆರಿಸಿ ಅರ್ಥಿಂಗ್ ರಾಡ್ ತಾಗಿಸುತ್ತೀರಿ, ಚಟ್ ಎಂದು ಕಿಡಿ, ಮೀಟರು ಸೊನ್ನೆ. ರಾಡ್ ತೆಗೆದು ಕೆಲ ಹೊತ್ತು ಬಿಟ್ಟು ನೋಡಿದರೆ ವೋಲ್ಟೇಜು ಮತ್ತೆ ಏರಿ ಕೂತಿರುತ್ತದೆ. ಯಾರೂ ಕೊಟ್ಟಿಲ್ಲ, ಪ್ಲಾಸ್ಟಿಕ್ ತನ್ನ ಒಡಲಲ್ಲಿ ಅಡಗಿಸಿಟ್ಟಿದ್ದನ್ನು ಈಗ ಹೊರಹಾಕುತ್ತಿದೆ. ಅದಕ್ಕೇ ಡಿಸಿ ಪರೀಕ್ಷೆಯಾದ ಕೇಬಲ್ಲನ್ನು ಗಂಟೆಗಟ್ಟಲೆ ನೆಲಕ್ಕೆ ಕಟ್ಟಿಯೇ ಇಡಬೇಕು. ಈ ನಿಯಮವನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈ ಒಳಸಂಗ್ರಹ 1990ರ ದಶಕದಲ್ಲಿ ಅಮೆರಿಕದವರಿಗೆ ಒಂದು ಪಾಠ ಕಲಿಸಿತು. ಕಾಗದ ಎಣ್ಣೆಯ ಹಳೆಯ ಕೇಬಲ್‌ಗಳನ್ನು ಡಿಸಿಯಿಂದ ಪರೀಕ್ಷಿಸುವುದು ರೂಢಿ. ಡಿಸಿ ಯಂತ್ರ ಚಿಕ್ಕದು, ವ್ಯಾನಿನಲ್ಲಿ ಹಾಕಿಕೊಂಡು ಹೋಗಬಹುದು. ಪ್ಲಾಸ್ಟಿಕ್ ಕೇಬಲ್ ಬಂದಾಗಲೂ ಅದೇ ರೂಢಿ ಮುಂದುವರಿಯಿತು. ವರ್ಷಗಟ್ಟಲೆ ನೆಲದ ತೇವ ಹೀರಿದ ಕೇಬಲ್‌ಗಳು ಪರೀಕ್ಷೆಯಲ್ಲಿ ಪಾಸಾಗುತ್ತಿದ್ದವು, ಮರಳಿ ಸೇವೆಗೆ ಸೇರಿದ ಮೇಲೆ ಬೇಗನೆ ಸುಟ್ಟುಹೋಗುತ್ತಿದ್ದವು. ಡಿಸಿ ತುಂಬಿದ ಚಾರ್ಜು ದೋಷವಿದ್ದ ಕಡೆಯಲ್ಲೇ ಸೆರೆಯಾಗಿ, ಹೊಯ್ದಾಡುವ ಮಾಮೂಲಿ ವಿದ್ಯುತ್ತು, ಅಂದರೆ ಏಸಿ, ಬಂದಾಗ ಅದರ ಜೊತೆ ಸೇರಿ ಪ್ಲಾಸ್ಟಿಕ್ಕನ್ನು ಸೀಳುತ್ತಿತ್ತು. ರೋಗ ನೋಡಲು ಬಂದ ಪರೀಕ್ಷೆಯೇ ರೋಗ ಹೆಚ್ಚಿಸಿತ್ತು. ಈಗ ಅಂಥ ಕೇಬಲ್‌ಗಳಿಗೆ ಹತ್ತು ಸೆಕೆಂಡಿಗೊಮ್ಮೆ ಮಾತ್ರ ಹೊಯ್ದಾಡುವ ಮಂದಗತಿಯ ಏಸಿ ಬಳಸುತ್ತಾರೆ.

ಹೀಗೆ ನಿರೋಧಕದೊಳಗೆ ಬೀಡುಬಿಟ್ಟ ಚಾರ್ಜಿಗೆ ಸ್ಪೇಸ್ ಚಾರ್ಜ್ ಎಂದು ಹೆಸರು. ಏಸಿಯಲ್ಲಿ ಒಳನುಗ್ಗಿದ ಎಲೆಕ್ಟ್ರಾನ್ ನೆಲೆ ಕಾಣುವ ಮೊದಲೇ ದಿಕ್ಕು ಬದಲಾಗಿ ಹಿಂದಕ್ಕೆ ಎಳೆಸಿಕೊಳ್ಳುತ್ತದೆ. ಡಿಸಿಯಲ್ಲಿ ಅದಕ್ಕೆ ಬೇಕಾದಷ್ಟು ಸಮಯ. ಎಷ್ಟು ಚಾರ್ಜು ಅಪಾಯಕ್ಕೆ ಸಾಕು? ಒಂದು ಘನ ಮಿಲಿಮೀಟರಿಗೆ ಒಂದು ನ್ಯಾನೊಕೂಲಂಬ್ ಎಂದಿಟ್ಟುಕೊಳ್ಳೋಣ. ಪಾಲಿಥೀನ್ ಸರಪಳಿಯ ಸುಮಾರು 600 ಕೋಟಿ ಕೊಂಡಿಗಳಿಗೆ ಒಂದೇ ಒಂದು ಹೆಚ್ಚುವರಿ ಎಲೆಕ್ಟ್ರಾನ್. ಯಾವ ರಾಸಾಯನಿಕ ಪರೀಕ್ಷೆಗೂ ಅದು ಸಿಗಲಾರದು. ಆದರೆ ಒಂದು ಮಿಲಿಮೀಟರ್ ದಪ್ಪಕ್ಕೆ ಅಷ್ಟು ಚಾರ್ಜು ತುಂಬಿಕೊಂಡರೆ ಅದರಾಚೆ ಈಚೆ ಕ್ಷೇತ್ರ ಮಿಲಿಮೀಟರಿಗೆ 50 ಕಿಲೋವೋಲ್ಟ್‌ನಷ್ಟು ಬದಲಾಗುತ್ತದೆ. ಡಿಸಿ ಕೇಬಲ್‌ಗಳನ್ನು ರೂಪಿಸುವಾಗ ಇಟ್ಟುಕೊಳ್ಳುವ ಮಿತಿ 20ರ ಆಸುಪಾಸು. ಈ ಲೆಕ್ಕವನ್ನು ಮೊದಲ ಸಲ ಮಾಡಿದ ದಿನ ನಾನು ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ಮಾಡಿದ್ದೆ.

ಇದರ ಪರಿಣಾಮ ಇತಿಹಾಸದಲ್ಲೇ ಇದೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 2003ರಿಂದ ವಿದ್ಯುತ್ ತರುತ್ತಿರುವ 500 ಕಿಲೋವೋಲ್ಟ್ ಡಿಸಿ ಮಾರ್ಗ ಥೈರಿಸ್ಟರ್ ಪದ್ಧತಿಯದು. ಈ ಪದ್ಧತಿಯಲ್ಲಿ ವಿದ್ಯುತ್ತನ್ನು ಹಿಂದಕ್ಕೆ ಕಳಿಸಬೇಕಾದರೆ ಧನ ಋಣ ಅದಲುಬದಲಾಗಬೇಕು. ಕೋಲಾರದ ತಂತಿಗಳು ಗಾಳಿಯಲ್ಲಿ ತೂಗುವುದರಿಂದ ಅದು ದೊಡ್ಡ ಸಂಗತಿಯಲ್ಲ. ಪ್ಲಾಸ್ಟಿಕ್ ಕೇಬಲ್‌ನಲ್ಲಾದರೆ ಒಳಗೆ ಬೀಡುಬಿಟ್ಟ ಚಾರ್ಜು ಇದ್ದಲ್ಲೇ ಇದ್ದು, ಹೊರಗಿನ ಒತ್ತಡ ಮಾತ್ರ ತಿರುಗಿ, ನಿನ್ನೆಯವರೆಗೆ ಕ್ಷೇತ್ರವನ್ನು ತಗ್ಗಿಸುತ್ತಿದ್ದದ್ದು ಇಂದು ಏರಿಸತೊಡಗುತ್ತದೆ. ಡಿಸಿ ಕೇಬಲ್ ಎಂದರೆ ಬಹುಕಾಲ ಕಾಗದ ಎಣ್ಣೆಯದೇ ಆಗಿದ್ದಕ್ಕೆ ಇದೇ ಮುಖ್ಯ ಕಾರಣ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪಕ್ಕೆ 1954ರಲ್ಲಿ ಸಮುದ್ರದಡಿ ಹೋದದ್ದೂ ಅಂಥದೇ. ಅದೇ ದ್ವೀಪದಲ್ಲಿ 1999ರಲ್ಲಿ, ಧ್ರುವ ಬದಲಿಸದೆ ಹರಿವಿನ ದಿಕ್ಕನ್ನಷ್ಟೇ ಬದಲಿಸುವ ಹೊಸ ಪದ್ಧತಿ ಬಂದಾಗ, 80 ಕಿಲೋವೋಲ್ಟ್‌ನ ಪ್ಲಾಸ್ಟಿಕ್ ಡಿಸಿ ಕೇಬಲ್ 70 ಕಿಲೋಮೀಟರ್ ಉದ್ದಕ್ಕೆ ನೆಲ ಸೇರಿತು. ಜಾಗಕ್ಕೆ ಕೊರತೆಯಿರುವ ಕೇರಳದಲ್ಲಿ ತ್ರಿಶೂರಿಗೆ ಬರುವ ಡಿಸಿ ಮಾರ್ಗದ ಕೊನೆಯ ಹಾದಿಯನ್ನು 320 ಕಿಲೋವೋಲ್ಟ್ ಕೇಬಲ್ ಈಗ ಕ್ರಮಿಸುವುದು ನೆಲದಡಿಯಲ್ಲೇ.

ಕಣ್ಣಿಗೆ ಕಾಣದ, ಸದ್ದಿಲ್ಲದ, ಕದಲದ ಈ ಚಾರ್ಜು ಎಲ್ಲಿ ಕೂತಿದೆ ಎಂದು ಕಂಡುಹಿಡಿಯುವುದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರು ಬೆರಳ ಗೆಣ್ಣಿನಿಂದ ತಟ್ಟುತ್ತಾರಲ್ಲ, ಹಾಗೆ. 1970ರ ದಶಕದಲ್ಲಿ ಪ್ಯಾರಿಸ್ಸಿನವರು ಹೊರಗಿನಿಂದ ಒತ್ತಡದ ಅಲೆ ಹಾಯಿಸಿ ಒಳಗಿನ ಚಾರ್ಜನ್ನು ಅಲುಗಿಸಿ ನೋಡಿದರು. 1980ರ ದಶಕದಲ್ಲಿ ಜಪಾನಿನ ತತ್ಸುವೊ ತಕಾದಾ ಮತ್ತು ಸಂಗಡಿಗರು ಅದನ್ನು ತಿರುವಿ ಹಾಕಿದರು. ಅವರು ತಟ್ಟಿದ್ದು ವಿದ್ಯುತ್ತಿನಿಂದ, ಕೇಳಿಸಿಕೊಂಡಿದ್ದು ಸದ್ದನ್ನು. ಕೆಲವೇ ನ್ಯಾನೊಸೆಕೆಂಡಿನ ವೋಲ್ಟೇಜ್ ಪೆಟ್ಟು ಕೊಟ್ಟರೆ ಒಳಗೆ ಎಲ್ಲೆಲ್ಲಿ ಚಾರ್ಜಿದೆಯೋ ಅಲ್ಲಲ್ಲಿ ಪ್ಲಾಸ್ಟಿಕ್ ಒಮ್ಮೆ ಬೆಚ್ಚಿಬೀಳುತ್ತದೆ. ಆ ಬೆಚ್ಚು ಶಬ್ದದಲೆಯಾಗಿ ಹೊರಡುತ್ತದೆ. ಪಾಲಿಥೀನ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್, ಆದ್ದರಿಂದ ಒಂದು ಮಿಲಿಮೀಟರ್ ಆಳದ ಸುದ್ದಿ ಅರ್ಧ ಮೈಕ್ರೊಸೆಕೆಂಡ್ ತಡವಾಗಿ ಬರುತ್ತದೆ. ತಡವಾದಷ್ಟೂ ಆಳ, ಎತ್ತರವಾದಷ್ಟೂ ಹೆಚ್ಚು ಚಾರ್ಜು, ಮೇಲಕ್ಕೆದ್ದರೆ ಒಂದು ಜಾತಿ, ಕೆಳಕ್ಕಿಳಿದರೆ ಇನ್ನೊಂದು. ಕಿವಿಯಾಗಿ ಕೂತಿರುವುದು ಕೂದಲಿಗಿಂತ ತೆಳುವಾದ, ಅದುಮಿದರೆ ವೋಲ್ಟೇಜು ಹುಟ್ಟಿಸುವ ಪ್ಲಾಸ್ಟಿಕ್ ಹಾಳೆ. ಅದರ ಮುಂದೆ ದಪ್ಪ ಅಲ್ಯೂಮಿನಿಯಂ ಫಲಕ. ಪೆಟ್ಟು ಕೊಟ್ಟಾಗಿನ ವಿದ್ಯುತ್ ಗದ್ದಲ ಮೊದಲೇ ಮುಗಿದುಹೋಗಲಿ, ಶಬ್ದ ಆ ಫಲಕವನ್ನು ದಾಟಿ ನಿಧಾನವಾಗಿ ಬರಲಿ ಎಂಬ ಜಾಣ ಏರ್ಪಾಡು ಅದು. ಒಂದು ಸಲದ ಸದ್ದು ಗದ್ದಲದಲ್ಲಿ ಮುಳುಗಿರುತ್ತದೆ, ಸಾವಿರ ಸಲ ತಟ್ಟಿ ಸರಾಸರಿ ತೆಗೆದಾಗ ಗೆರೆ ತೇಲಿ ಬರುತ್ತದೆ.

ಆ ಗೆರೆ ತೋರಿಸಿದ ಸಂಗತಿಗಳಿಂದ ಕೇಬಲ್ ಮಾಡುವ ರೀತಿಯೇ ಬದಲಾಯಿತು. ಪಾಲಿಥೀನ್ ಹೆಣೆಯಲು ಬಳಸುವ ಪೆರಾಕ್ಸೈಡ್ ಅಸಿಟೊಫಿನೋನ್‌ನಂಥ ಶೇಷ ಬಿಟ್ಟುಹೋಗುತ್ತದೆ, ಚಾರ್ಜು ಬೀಡುಬಿಡಲು ಅದೂ ಒಂದು ಕಾರಣವಾಗುತ್ತದೆ. ಅದನ್ನು ಓಡಿಸಲು ತಯಾರಾದ ಕೇಬಲ್ಲನ್ನು ಬಿಸಿ ಕೋಣೆಯಲ್ಲಿ ದಿನಗಟ್ಟಲೆ, ದಪ್ಪದ್ದಾದರೆ ವಾರಗಟ್ಟಲೆ ಇಡುತ್ತಾರೆ. ಇನ್ನೊಂದು ಸಂಗತಿ 1990ರ ದಶಕದಲ್ಲಿ ಜಪಾನಿನಲ್ಲಿ ಕಂಡದ್ದು. ಮಿಲಿಮೀಟರಿಗೆ ಸುಮಾರು 100 ಕಿಲೋವೋಲ್ಟ್ ಒತ್ತಡ ಕೊಟ್ಟು ಗಳಿಗೆಗೊಮ್ಮೆ ತಟ್ಟುತ್ತಾ ಹೋದಾಗ, ಚಾರ್ಜು ಹರಡಿ ಮಸುಕಾಗುವ ಬದಲು ಒಂದೇ ಗುಂಪಾಗಿ, ತೇರು ಎಳೆದಂತೆ, ಪ್ಲಾಸ್ಟಿಕ್‌ನ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಮೆಲ್ಲಗೆ ನಡೆದುಹೋಯಿತು. ಒಂದೇ ಜಾತಿಯ ಚಾರ್ಜುಗಳು ಪರಸ್ಪರ ದೂಡಿಕೊಂಡು ಚದುರಬೇಕಿತ್ತು, ಚದುರಲಿಲ್ಲ. ಏಕೆಂಬ ವಾದ ಇನ್ನೂ ನಡೆಯುತ್ತಿದೆ.