ಗುಂಡಿಯೂ ಅದರ ಅಚ್ಚೂ

ಬೀದರ ಎಂದೊಡನೆ ನೆನಪಾಗುವುದು ಬಿದರಿ ಕಲೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಆ ಕಸುಬಿನಲ್ಲಿ ಹೂಜಿ, ಹುಕ್ಕಾಗಳ ಜೊತೆಗೆ ಅಂಗಿಯ ಗುಂಡಿಗಳೂ ಆಗುತ್ತವೆ. ಅವು ಕಣ್ಣಿಗೆ ಬೀಳಲೆಂದೇ ಹುಟ್ಟಿದ ಗುಂಡಿಗಳು. ನಾನು ಇಂದು ಹೇಳಹೊರಟಿರುವುದು ಅದೇ ಊರಿನ ಇನ್ನೊಂದು ಬಗೆಯ ಗುಂಡಿಯನ್ನು ಕುರಿತು. ಸೋಫಾದ ಬೆನ್ನಿನಲ್ಲಿ, ಕುರ್ಚಿಯ ಮೆತ್ತೆಯಲ್ಲಿ ಅರ್ಧ ಹುದುಗಿ ಕುಳಿತಿರುವ, ಬಟ್ಟೆ ಹೊದ್ದ ಗುಂಡಿ ಅದು. ಕಿತ್ತು ಬಂದಾಗ ಮಾತ್ರ ನಾವು ಅದನ್ನು ಗಮನಿಸುತ್ತೇವೆ.

ಔರಾದದಲ್ಲಿ ಸೀಟು, ಸೋಫಾಗಳ ಕೆಲಸ ಮಾಡುವ ತರುಣನೊಬ್ಬನಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿಯ ಮಗ. ಭಾಲ್ಕಿಯಲ್ಲಿ ಮದುವೆಗಳಿಗೆ ಸಾಮಾನು ಬಾಡಿಗೆ ಕೊಡುವವರೊಬ್ಬರು ವಧೂವರರ ಸೋಫಾಕ್ಕೆ ಹೊಸ ಮಖಮಲ್ಲು ಹೊದಿಸಲು ಅವನಿಗೆ ಕೊಟ್ಟಿದ್ದರು. ಎರಡನೆಯ ಮದುವೆಯ ಹೊತ್ತಿಗೇ ಗುಂಡಿಗಳು ಒಂದೊಂದಾಗಿ ಉದುರತೊಡಗಿದವು. ಬಾಡಿಗೆಯವರು ಬಾಕಿ ಹಣ ತಡೆಹಿಡಿದರು. ಹುಡುಗ ಕರವಸ್ತ್ರದಲ್ಲಿ ಆ ಗುಂಡಿಗಳನ್ನು ಕಟ್ಟಿಕೊಂಡು ನನ್ನಲ್ಲಿಗೆ ಬಂದ. “ಸರ್, ದೊಡ್ಡ ಮಷೀನ ತರಬೇಕಂತ ಮಾಡೀನಿ. ಸಾಲ ಸಿಗ್ತದ. ಯಾವುದು ತರಲಿ, ನೀವೇ ಹೇಳ್ರಿ” ಎಂದ. ಕನ್ನಡ ಕಲಿಸಿದವನಿಗೆ ಯಂತ್ರದ ಗೊಡವೆ ಏನು ತಿಳಿದೀತು? ಆದರೆ ಸಾಲದ ಮಾತು ಬಂದಮೇಲೆ ಸುಮ್ಮನಿರಲಾಗಲಿಲ್ಲ. ಬೀದರಿನಲ್ಲಿ ಇದೇ ಕಸುಬಿನಲ್ಲಿ ಕೂದಲು ನರೆತ ಹಿರಿಯರೊಬ್ಬರ ಬಳಿಗೆ ಇಬ್ಬರೂ ಹೋದೆವು. ಅವರು ಗುಂಡಿಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, “ಮಷೀನಿಗ್ಯಾಕ ಬೈತಿ ತಮ್ಮಾ? ಅಚ್ಚು ಒಬ್ಬರದು, ಚಿಪ್ಪು ಇನ್ನೊಬ್ಬರದು ಆಗ್ಯಾವ” ಎಂದರು. ಅಂದು ನಾನು ಅಲ್ಲಿ ಕಲಿತದ್ದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಈ ಗುಂಡಿಯ ಕೆಲಸವೇನೆಂದು ತಿಳಿಯಬೇಕು. ನಮ್ಮ ಭಾಗದ ಪಿಂಜಾರರು ಹತ್ತಿಯ ಗಾದಿ ಮಾಡಿ, ದಬ್ಬಣದಿಂದ ಅಲ್ಲಲ್ಲಿ ದಾರ ತೂರಿಸಿ ಬಿಗಿದು ಕಟ್ಟುವುದನ್ನು ನೀವು ಕಂಡಿರಬಹುದು. ಹಾಗೆ ಕಟ್ಟದಿದ್ದರೆ ಒಳಗಿನ ಹತ್ತಿ ಒಂದೆಡೆಗೆ ಸರಿದು ಗಡ್ಡೆಗಟ್ಟುತ್ತದೆ. ಸೋಫಾದ ಗುಂಡಿಯೂ ಮಾಡುವುದು ಇದನ್ನೇ. ಹಿಂದಿನಿಂದ ದಾರ ಎಳೆದು ಬಿಗಿದಾಗ ಮೆತ್ತೆ ಅಲ್ಲಿ ಒಳಸರಿದು ಕುಳಿಬೀಳುತ್ತದೆ. ನಮ್ಮ ನುಡಿಯಲ್ಲಿ ‘ಗುಂಡಿ’ ಎಂಬ ಒಂದೇ ಮಾತು ಅಂಗಿಯ ಗುಂಡಿಗೂ ನೆಲದ ಹಳ್ಳಕ್ಕೂ ಸಲ್ಲುತ್ತದೆ. ಸೋಫಾದ ಬೆನ್ನಿನಲ್ಲಿ ಎರಡು ಅರ್ಥಗಳೂ ಒಂದೇ ಜಾಗದಲ್ಲಿ ಕೂಡಿವೆ. ಅಂಗಿಯ ಗುಂಡಿಗೆ ಇಲ್ಲದ ಎಳೆತ ಈ ಗುಂಡಿಗೆ ಹಗಲಿರುಳೂ ಇದೆ. ಆದ್ದರಿಂದ ಅದರ ಅಂದಕ್ಕಿಂತ ಅದರ ಬಿಗಿ ಮುಖ್ಯ.

ಇಂಥ ಗುಂಡಿಗೆ ಮೂರು ಅಂಗಗಳು: ಮೇಲಿನ ಲೋಹದ ಚಿಪ್ಪು, ಅದನ್ನು ಹೊದೆಯುವ ಬಟ್ಟೆ, ಕೆಳಗಿನ ತಳ. ಅಚ್ಚಿನ ಬಾಯಿಯ ಮೇಲೆ ಬಟ್ಟೆಯ ಬಿಲ್ಲೆಯನ್ನು ಮುಖ ಕೆಳಗಾಗಿ ಇಟ್ಟು, ಚಿಪ್ಪಿನ ಉಬ್ಬನ್ನು ಅದರ ಮೇಲಿರಿಸಿ ಒಳಕ್ಕೆ ಒತ್ತುತ್ತಾರೆ. ಮೇಲೆದ್ದ ಬಟ್ಟೆಯ ಅಂಚನ್ನು ಒಳಮಡಿಸಿ, ತಳವನ್ನಿಟ್ಟು ಮತ್ತೊಮ್ಮೆ ಒತ್ತಿದರೆ ಚಿಪ್ಪಿನ ಅಂಚು ಒಳಬಾಗಿ ತಳವನ್ನು ಕಚ್ಚಿಹಿಡಿಯುತ್ತದೆ. ಗುಂಡಿಯ ಆಯುಷ್ಯವೆಲ್ಲ ಆ ಕಚ್ಚಿನಲ್ಲಿದೆ. ಅಚ್ಚು ಕೂದಲೆಳೆಯಷ್ಟು ಸಡಿಲವಾದರೆ ತಳ ಕಳಚುತ್ತದೆ. ಬಿಗಿಯಾದರೆ ಬಟ್ಟೆಯ ಅಂಚು ಕತ್ತರಿಸಿಹೋಗುತ್ತದೆ. ದಪ್ಪ ರೆಕ್ಸಿನ್ನಿಗೆ ಹೊಂದುವ ಅಚ್ಚು ತೆಳು ರೇಶ್ಮೆಗೆ ಸಡಿಲ. ರೇಶ್ಮೆಯನ್ನು ಬಳಸಲೇಬೇಕಾದರೆ ಅಡಿಯಲ್ಲಿ ಇನ್ನೊಂದು ತೆಳು ಬಟ್ಟೆ ಸೇರಿಸಬೇಕು.

ಆದ್ದರಿಂದ ಆಯ್ಕೆಯ ಕ್ರಮ ನಾವು ಎಣಿಸುವುದಕ್ಕೆ ತಿರುವುಮುರುವು. ಮೊದಲು ಗುಂಡಿ, ಆಮೇಲೆ ಅಚ್ಚು, ಕೊನೆಗೆ ಯಂತ್ರ. ಗುಂಡಿಯ ಅಳತೆಯನ್ನು ‘ಲೈನ್’ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಇಂಚಿಗೆ 40 ಲೈನ್. 24ರ ಗುಂಡಿ ಸುಮಾರು 15 ಮಿಲಿಮೀಟರ್, 30ರದು 19, 36ರದು 23. ಪ್ರತಿ ಅಳತೆಗೂ ಬೇರೆ ಅಚ್ಚು ಬೇಕು. ಒಂದೇ ಯಂತ್ರಕ್ಕೆ ಹತ್ತು ಅಚ್ಚು ಕೊಳ್ಳುವ ಆಸೆ ಹುಟ್ಟುವುದು ಇಲ್ಲಿಯೇ. ತನ್ನ ಅಂಗಡಿಗೆ ಬರುವ ಕೆಲಸವನ್ನು ಎಣಿಸಿ ನೋಡಿದರೆ ಎರಡು ಅಳತೆಗಳಲ್ಲೇ ಬಹುಪಾಲು ಮುಗಿಯುತ್ತದೆ. ತಳದಲ್ಲಿಯೂ ಭೇದವಿದೆ: ದಾರದಿಂದ ಎಳೆದು ಕಟ್ಟುವ ಮೆತ್ತೆಗೆ ತಂತಿಯ ಕೊಂಡಿಯ ತಳ, ಮಂಚದ ತಲೆಹಲಗೆಗೆ ಹೊಡೆಯಲು ಮೊಳೆಯ ತಳ. ಕಬ್ಬಿಣದ ಚಿಪ್ಪು ಮಳೆಗಾಲದಲ್ಲಿ ತುಕ್ಕು ಹಿಡಿದು ತಿಳಿಬಣ್ಣದ ಬಟ್ಟೆಗೆ ಕಲೆ ಬಿಡುತ್ತದೆ. ಅಲ್ಯುಮಿನಿಯಂ ಚಿಪ್ಪಿಗೆ ಆ ದೋಷವಿಲ್ಲ. ಬಟ್ಟೆಯ ಬಿಲ್ಲೆ ಗುಂಡಿಯ ಅಡ್ಡಳತೆಯ ಇಮ್ಮಡಿಗಿಂತ ತುಸು ಕಡಿಮೆಯಿರಬೇಕು. ಅದನ್ನು ಕತ್ತರಿಯಿಂದ ಕತ್ತರಿಸಿದರೆ ಒಂದು ಇನ್ನೊಂದರಂತೆ ಬರುವುದಿಲ್ಲ. ಬಿಲ್ಲೆ ಹೊಡೆಯುವ ದುಂಡು ಕಟ್ಟರ್ ಅಚ್ಚಿನಷ್ಟೇ ಅಗತ್ಯ.

ಇನ್ನು ಯಂತ್ರ. ಬೆನ್ನಿನಲ್ಲಿ ನಾಲ್ಕು ಸಾಲು, ಸಾಲಿಗೆ ಒಂಬತ್ತು ಎಂದರೆ ಒಂದು ಸೋಫಾಕ್ಕೆ 36 ಗುಂಡಿ. ನಿಮಿಷಕ್ಕೆ ಒಂದರಂತೆ ಒತ್ತಿದರೂ ಮುಕ್ಕಾಲು ತಾಸು ಹಿಡಿಯದು. ಗಾಳಿಯ ಒತ್ತಡದ ಯಂತ್ರ ಬೇಕಾಗುವುದು ದಿನಕ್ಕೆ ಸಾವಿರಾರು ಗುಂಡಿ ಮಾಡುವವರಿಗೆ. ಅದಕ್ಕೆ ಕರೆಂಟೂ ಬೇಕು, ಕಂಪ್ರೆಸರೂ ಬೇಕು. ಔರಾದದ ಅಂಗಡಿಗೆ ಹಿಡಿಕೆ ಎಳೆದು ಒತ್ತುವ ಕೈಯಂತ್ರ ಸಾಕು. ಆದರೆ ಅದು ಬೀಡಿನದಾಗಿ ತೂಕವಾಗಿರಬೇಕು, ಮೇಜಿಗೆ ಬೋಲ್ಟಿನಿಂದ ಬಿಗಿದಿರಬೇಕು, ಕೆಳಗಿಳಿಯುವ ದಂಡ ಅತ್ತಿತ್ತ ಅಲುಗಬಾರದು. ದಂಡ ಅಲುಗಿದರೆ ಒಳ್ಳೆಯ ಅಚ್ಚೂ ಒಂದೇ ಮಗ್ಗುಲಿಗೆ ಸವೆಯುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ತನ್ನದೇ ಬಟ್ಟೆಯನ್ನು ಒಯ್ದು ಹತ್ತು ಗುಂಡಿ ಮಾಡಿಸಿ, ಕೊಂಡಿಯನ್ನು ಇಕ್ಕಳದಿಂದ ಹಿಡಿದು ಜಗ್ಗಿ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದೇ ಅಚ್ಚಿಗೆ ಹೊಂದುವ ಚಿಪ್ಪು, ತಳಗಳು ನಾಳೆಯೂ ಸಿಗುತ್ತವೆಯೇ ಎಂದು ಕೇಳಬೇಕು. ಭಾಲ್ಕಿಗೆ ರೈಲುಂಟು, ಔರಾದಿಗೆ ಬಸ್ಸೇ ಗತಿ. ಹಂಗಾಮಿನ ನಡುವೆ ಚಿಪ್ಪು ತೀರಿದರೆ ಸಾಲದ ಯಂತ್ರ ಮೂಲೆಯಲ್ಲಿ ಕೂತಿರುತ್ತದೆ, ಕಂತು ಮಾತ್ರ ಕೂರುವುದಿಲ್ಲ.

ಹುಡುಗ ಸಾಲವನ್ನು ಕೈಬಿಟ್ಟ. ಇದ್ದ ಕೈಯಂತ್ರವನ್ನೇ ಉಳಿಸಿಕೊಂಡು, 30 ಮತ್ತು 36ರ ಅಚ್ಚುಗಳೆರಡನ್ನು, ಒಂದೊಂದು ಕಟ್ಟರನ್ನು, ಅವಕ್ಕೆ ಹೊಂದುವ ಚಿಪ್ಪು ತಳಗಳನ್ನು ಒಂದೇ ಅಂಗಡಿಯಲ್ಲಿ ಕೊಂಡ. ಭಾಲ್ಕಿಯ ಸೋಫಾದ ಗುಂಡಿಗಳನ್ನೆಲ್ಲ ಕಿತ್ತು, ನೈಲಾನ್ ದಾರದಿಂದ ಹೊಸದಾಗಿ ಕಟ್ಟಿಕೊಟ್ಟ. ಅದಕ್ಕೆ ಕೂಲಿ ಕೇಳಲಿಲ್ಲ. ತಡೆದ ಬಾಕಿ ಕೈಗೆ ಬಂತು.

ಮೊನ್ನೆ ಭಾಲ್ಕಿಯ ಒಂದು ಮದುವೆಗೆ ಹೋಗಿದ್ದೆ. ಅಕ್ಷತೆ ಹಾಕಿ, ವಧೂವರರ ಪಕ್ಕದಲ್ಲಿ ಫೋಟೋಕ್ಕೆಂದು ಕೂರಿಸಿದರು. ಸೋಫಾ ಅದೇ. ಎಲ್ಲರೂ ಕ್ಯಾಮೆರಾದತ್ತ ನೋಡುತ್ತಿರುವಾಗ ನಾನು ಬೆನ್ನ ಹಿಂದೆ ಕೈಯಾಡಿಸಿ ಒಂದು ಗುಂಡಿಯನ್ನು ಮೆಲ್ಲನೆ ಜಗ್ಗಿ ನೋಡಿದೆ. ಅದು ಕದಲಲಿಲ್ಲ.