ಊರ ಹೆಸರು, ಊರ ಮಾನ

ನಿಮ್ಮ ಊರಿನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿರಿ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಆ ಮೂರು ನಾಲ್ಕು ಅಕ್ಷರಗಳ ಅರ್ಥವೇನೆಂದು ಎಂದಾದರೂ ಯೋಚಿಸಿದ್ದುಂಟೆ? ತರಗತಿಯಲ್ಲಿ ಮಕ್ಕಳಿಗೆ ನಾನು ಈ ಪ್ರಶ್ನೆಯನ್ನು ಹಾಕುವುದುಂಟು. ಮೊದಲು ನಗು, ಆಮೇಲೆ ಮೌನ, ಕೊನೆಗೆ ಯಾರಾದರೊಬ್ಬರು “ಊರೆಂದರೆ ಊರು ಸಾರ್, ಅದಕ್ಕೇನು ಅರ್ಥ?” ಎನ್ನುತ್ತಾರೆ. ಅರ್ಥವಿದೆ. ಊರಿನ ಹೆಸರೆಂಬುದು ಹಿರಿಯರು ನಮ್ಮ ನಾಲಗೆಯ ಮೇಲೆ ಬರೆದಿಟ್ಟ ಶಾಸನ. ಕಲ್ಲಿನ ಶಾಸನ ಒಡೆದೀತು, ಮಣ್ಣಿನಲ್ಲಿ ಹೂತುಹೋದೀತು. ಇದು ಸವೆಯುತ್ತದೆಯೇ ಹೊರತು ಸುಲಭವಾಗಿ ಅಳಿಯುವುದಿಲ್ಲ.

ಶಿಕಾರಿಪುರ, ಸೊರಬಗಳ ಸೀಮೆಯನ್ನೇ ನೋಡೋಣ. ತಾಳಗುಂದವೆಂಬ ಹೆಸರನ್ನು ಕೇಳಿ ಅಲ್ಲಿ ತಾಳೆಯ ಮರವನ್ನು ಹುಡುಕಿದರೆ ದಾರಿ ತಪ್ಪಿದಂತೆಯೇ ಸರಿ. ಶಾಸನಗಳಲ್ಲಿ ಅದು ಸ್ಥಾನಕುಂದೂರು. ‘ಸ್ಥಾನ’ ಕನ್ನಡಿಗನ ಬಾಯಲ್ಲಿ ‘ತಾಣ’ವಾಯಿತು, ತಾಣಗುಂದೂರು ಮುಂದೆ ತಾಳಗುಂದವಾಯಿತು. ಬಳ್ಳಿಗಾವಿಯು ಬಳ್ಳಿಗಾವೆ, ಬಲ್ಲಿಪುರ ಎಂಬ ರೂಪಗಳಲ್ಲಿ ದೊರೆಯುತ್ತದೆ. ಶಿಕಾರಿಪುರದಲ್ಲಿ ‘ಶಿಕಾರಿ’ ಪಾರಸಿಯದು, ‘ಪುರ’ ಸಂಸ್ಕೃತದ್ದು. ಹೈದರನೋ ಟಿಪ್ಪುವೋ ಬೇಟೆಗೆ ಬಂದು ಇಟ್ಟ ಹೆಸರೆಂದು ಪ್ರತೀತಿ. ಶಿರಾಳಕೊಪ್ಪದ ‘ಕೊಪ್ಪ’ವಾದರೋ ಸಣ್ಣ ಹಳ್ಳಿಗೆ ಅಚ್ಚಗನ್ನಡದ ಮಾತು. ಹೀಗೆ ನಾಲ್ಕು ಹರಿದಾರಿಯೊಳಗೆ ಮೂರು ಭಾಷೆಗಳು ನೆರೆಹೊರೆಯವರಾಗಿ ಬಾಳುತ್ತಿವೆ. ಕನ್ನಡವು ಬಂದುದನ್ನೆಲ್ಲ ತನ್ನ ಜಾಯಮಾನಕ್ಕೆ ಒಗ್ಗಿಸಿಕೊಂಡಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಇಂಥ ಹೆಸರುಗಳನ್ನೇ ಆಧಾರವಾಗಿ ಹಿಡಿದು ಕನ್ನಡ ನಾಡಿನ ಹಳೆಯ ಹರವನ್ನು ಅರಸಿದರು.

ಇನ್ನು ಕ್ಯಾಸನೂರಿನ ಮಾತು. ‘ಬೇಡ’ವನ್ನು ‘ಬ್ಯಾಡ’ವೆಂದೂ ‘ಬೇಸಿಗೆ’ಯನ್ನು ‘ಬ್ಯಾಸಿಗೆ’ಯೆಂದೂ ಆಡುವ ಜನರ ದನಿ ಈ ಹೆಸರಿನ ಮೊದಲಕ್ಷರದಲ್ಲಿಯೇ ಕೇಳಿಸುತ್ತದೆ. ಕೊನೆಯಲ್ಲಿರುವುದು ನಮ್ಮ ‘ಊರು’. ಇಂಥ ಮನೆಮಾತಿನ ಹೆಸರು 1957ರಲ್ಲಿ ಲೋಕವಿಖ್ಯಾತವಾಯಿತು. ಆದರೆ ಯಾವ ಊರೂ ಬಯಸದ ರೀತಿಯಲ್ಲಿ. ಆ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸದೊಂದು ವೈರಸ್ಸನ್ನು ಕಂಡುಹಿಡಿದು, ರೋಗಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ನಮ್ಮ ಹಳ್ಳಿಯವರು ಕರೆದದ್ದು ಮಾತ್ರ ‘ಮಂಗನ ಕಾಯಿಲೆ’ ಎಂದು. ಪಂಡಿತರು ರೋಗ ಸಿಕ್ಕಿದ ಜಾಗವನ್ನು ನೋಡಿದರು. ಹಳ್ಳಿಗರು ಕಣ್ಣೆದುರು ಸತ್ತ ಪ್ರಾಣಿಯನ್ನು ನೋಡಿದರು.

ವಿಚಾರ ಮಾಡಿದರೆ ಎರಡು ಹೆಸರುಗಳೂ ನಿರಪರಾಧಿಯ ಮೇಲೆ ಹೊರೆ ಹೊರಿಸಿದಂತೆಯೇ. ರೋಗವನ್ನು ದಾಟಿಸುವುದು ಕಾಡಿನ ಉಣುಗು. ಮಂಗವೂ ಮನುಷ್ಯನಂತೆ ಅದಕ್ಕೆ ತುತ್ತಾಗುವ ಜೀವಿ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ರೋಗವೇನು ಕ್ಯಾಸನೂರಿನ ಗಡಿಯಲ್ಲಿ ನಿಂತಿತೆ? 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಕಾಣಿಸಿತು. ಅನಂತರ ಕೇರಳದ ವಯನಾಡು, ಗೋವೆ, ಮಹಾರಾಷ್ಟ್ರಗಳಲ್ಲಿಯೂ ಕಾಣಿಸಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಹಲವರು ಪ್ರಾಣ ತೆತ್ತರು. ರೋಗ ಎಲ್ಲೆಲ್ಲಿಯೋ ತಿರುಗಿದರೂ ಹೆಸರಿನ ಭಾರ ಒಂದೇ ಊರಿನ ತಲೆಯ ಮೇಲೆ ಉಳಿಯಿತು.

ಇಂಥ ನೋವು ಲೋಕಕ್ಕೆ ಹೊಸದಲ್ಲ. 1976ರಲ್ಲಿ ಆಫ್ರಿಕದ ಕಾಂಗೋ ಸೀಮೆಯಲ್ಲಿ ಭೀಕರ ಜ್ವರವೊಂದು ಹಬ್ಬಿದಾಗ, ಯಾಂಬುಕು ಎಂಬ ಹಳ್ಳಿಗೆ ಕಳಂಕ ತಟ್ಟಬಾರದೆಂದು ವಿಜ್ಞಾನಿಗಳು ದೂರದ ಎಬೋಲಾ ನದಿಯ ಹೆಸರನ್ನು ಆರಿಸಿಕೊಂಡರು. ಹೊಸ ರೋಗಗಳಿಗೆ ಊರು, ದೇಶಗಳ ಹೆಸರನ್ನು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಕ್ಯಾಸನೂರಿಗೆ ಆ ವಿವೇಕ ಐವತ್ತೆಂಟು ವರ್ಷ ತಡವಾಗಿ ಬಂದಿತು.

ಹಾಗಾದರೆ ಊರಿನ ಹೆಸರನ್ನೇ ಬದಲಾಯಿಸಬೇಕೆ? ಕೂಡದೆಂದೇ ನನ್ನ ಅಭಿಪ್ರಾಯ. 2014ರ ನವೆಂಬರ್ 1ರಂದು ಬೆಂಗಳೂರು, ಶಿವಮೊಗ್ಗ, ಬೆಳಗಾವಿ ಮೊದಲಾದ ಹನ್ನೆರಡು ನಗರಗಳ ಹೆಸರುಗಳು ಇಂಗ್ಲಿಷಿನ ಬರಹದಲ್ಲಿಯೂ ಕನ್ನಡದ ರೂಪಕ್ಕೆ ಬಂದವು. ಅಲ್ಲಿ ಆದದ್ದು ಬಹುಮಟ್ಟಿಗೆ ಜನರ ಬಾಯಲ್ಲಿದ್ದ ಹೆಸರಿಗೆ ಕಾಗದದ ಮೇಲೆ ಮನ್ನಣೆ. ಬಾಯಲ್ಲಿ ಬದುಕಿರುವ ಹೆಸರನ್ನು ಅಳಿಸಿ ಹೊಸದನ್ನು ಹಾಕುವುದು ಬೇರೆಯ ಮಾತು. ಹಾಗೆ ಮಾಡಿದರೆ ರೋಗ ಗ್ರಂಥಗಳಲ್ಲಿ ಉಳಿಯುತ್ತದೆ, ಊರು ಮಾತ್ರ ತನ್ನ ನೆನಪನ್ನು ಕಳೆದುಕೊಳ್ಳುತ್ತದೆ.

ಹೆಸರಿಗೆ ಮಾನ ಬರುವ ಬಗೆಯನ್ನು ಅದೇ ಶಿಕಾರಿಪುರ ತಾಲ್ಲೂಕಿನ ಈಸೂರು ತೋರಿಸಿಕೊಟ್ಟಿದೆ. 1942ರಲ್ಲಿ ತಾನು ಸ್ವತಂತ್ರವೆಂದು ಸಾರಿದ ಹಳ್ಳಿ ಅದು. ಮರುವರ್ಷ ಅಲ್ಲಿಯ ಐವರು ಗಲ್ಲಿಗೇರಿದರು. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಮಾತಿನಲ್ಲಿ ಒಂದು ಸಾಮಾನ್ಯ ಹೆಸರು ನಾಡಿನ ಅಭಿಮಾನವಾಗಿ ನಿಂತಿತು. ಹೆಸರು ಪಾತ್ರೆಯಿದ್ದಂತೆ, ಅದರಲ್ಲಿ ಏನನ್ನು ತುಂಬುತ್ತೇವೋ ಅದೇ ಉಳಿಯುತ್ತದೆ.

ಆದುದರಿಂದ ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಹೆಸರನ್ನಷ್ಟೇ ಅಲ್ಲದೆ ಹೊಲ, ಗದ್ದೆ, ಕೆರೆ, ಕಾನುಗಳ ಹೆಸರುಗಳನ್ನೂ ಹಿರಿಯರಿಂದ ಕೇಳಿ ಬರೆದಿಡಿರಿ, ಮಕ್ಕಳಿಂದಲೂ ಬರೆಯಿಸಿರಿ. ಕ್ಯಾಸನೂರಿನ ಹುಡುಗನೊಬ್ಬ ಪರವೂರಿನಲ್ಲಿ ತನ್ನ ಊರ ಹೆಸರನ್ನು ಹೇಳಿದಾಗ ಕೇಳಿದವರು “ಓ, ಆ ರೋಗದ ಊರೇ?” ಎಂದಾರು. “ಅಲ್ಲ, ನಮ್ಮ ಊರು” ಎಂದು ತಲೆಯೆತ್ತಿ ಹೇಳಿ, ಅದರ ಕಥೆಯನ್ನು ವಿವರಿಸಬಲ್ಲಷ್ಟು ತಿಳಿವಳಿಕೆಯನ್ನು ಅವನಿಗೆ ಕೊಡುವುದು ನಮ್ಮ ಹೊಣೆ.